ಕೆಂಪಾಗದ ಸೀರಿಯಂ ಸಲ್ಫೈಡ್: ದಾವಣಗೆರೆಯ ಪ್ರಯೋಗಾಲಯದ ಒಂದು ಪ್ರಕರಣ

ದಾವಣಗೆರೆಯಲ್ಲಿ ವಿದ್ಯುತ್ ಉಪಕರಣಗಳಿಗೆ ನೈಲಾನ್ ಬಿಡಿಭಾಗಗಳನ್ನು ಅಚ್ಚು ಹಾಕುವ ಸಣ್ಣ ಘಟಕವೊಂದರ ಮಾಲೀಕರು ಒಂದು ದಿನ ನಮ್ಮ ಸ್ನಾತಕೋತ್ತರ ರಸಾಯನಶಾಸ್ತ್ರ ವಿಭಾಗಕ್ಕೆ ಬಂದು, ಕ್ಯಾಡ್ಮಿಯಂ ಇಲ್ಲದ, ಆದರೆ ಅಚ್ಚಿನ ಶಾಖಕ್ಕೆ ಬಾಡದ ಕೆಂಪು ಬಣ್ಣವೇನಾದರೂ ಇದೆಯೇ ಎಂದು ಕೇಳಿದರು. ನೈಲಾನ್ ಕರಗಿ ಅಚ್ಚಿಗೆ ಇಳಿಯಬೇಕಾದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ಆ ಬಿಸಿಯಲ್ಲಿ ಅನೇಕ ಸಾವಯವ ಕೆಂಪು ಬಣ್ಣಗಳು ಮಂಕಾಗುತ್ತವೆ. ಕ್ಯಾಡ್ಮಿಯಂ ಕೆಂಪು, ಅಂದರೆ ಕ್ಯಾಡ್ಮಿಯಂ ಸಲ್ಫೋಸೆಲೆನೈಡ್, ಮಂಕಾಗುವುದಿಲ್ಲ, ಆದರೆ ಅದು ವಿಷ. ಯುರೋಪಿನಲ್ಲಿ 1991ರಿಂದಲೇ ಹಲವು ಬಗೆಯ ಪ್ಲಾಸ್ಟಿಕ್‌ಗಳಲ್ಲಿ ಕ್ಯಾಡ್ಮಿಯಂ ಪ್ರಮಾಣವನ್ನು ಶೇಕಡಾ 0.01ಕ್ಕೆ ಸೀಮಿತಗೊಳಿಸಲಾಗಿದೆ. ಅವರ ಗಿರಾಕಿ ಈ ಮಿತಿಯನ್ನೇ ಒಪ್ಪಂದದಲ್ಲಿ ಬರೆದಿದ್ದರು.

ನನಗೆ ತಕ್ಷಣ ಹೊಳೆದದ್ದು ಸೀರಿಯಂ ಸೆಸ್ಕ್ವಿಸಲ್ಫೈಡ್, ಅಂದರೆ ಎರಡು ಸೀರಿಯಂ ಪರಮಾಣುಗಳಿಗೆ ಮೂರು ಗಂಧಕದ ಪರಮಾಣುಗಳಿರುವ ಸಂಯುಕ್ತ. 1990ರ ದಶಕದಲ್ಲಿ ಫ್ರಾನ್ಸಿನ ರೋನ್-ಪುಲಾಂಕ್ ಕಂಪನಿ ಇದನ್ನು ಕ್ಯಾಡ್ಮಿಯಂ ಕೆಂಪಿಗೆ ಪರ್ಯಾಯವಾಗಿ ಅಭಿವೃದ್ಧಿಪಡಿಸಿತ್ತು. ಆ ವರ್ಷ ಎಂ.ಎಸ್ಸಿ. ಅಂತಿಮ ವರ್ಷದ ಇಬ್ಬರು, ಒಬ್ಬ ವಿದ್ಯಾರ್ಥಿನಿ ಮತ್ತು ಒಬ್ಬ ವಿದ್ಯಾರ್ಥಿ, ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರು. ಐದು ಗ್ರಾಂ ಕೆಂಪು ಪುಡಿ ಮಾಡಿ ತೋರಿಸುವುದು ನಾಲ್ಕು ತಿಂಗಳ ಕೆಲಸ ಎಂದು ಲೆಕ್ಕ ಹಾಕಿ ಅವರಿಗೆ ಒಪ್ಪಿಸಿದೆ. ಐದನೆಯ ಪ್ರಯತ್ನದವರೆಗೆ ಕೆಂಪು ಕಾಣಿಸಲಿಲ್ಲ. ಏಕೆ ಕಾಣಿಸಲಿಲ್ಲ ಎಂಬುದನ್ನು ಪತ್ತೆ ಹಚ್ಚಲು ನಮಗೆ ಹೆಚ್ಚು ನೆರವಾದದ್ದು ಯಾವ ದುಬಾರಿ ಉಪಕರಣವೂ ಅಲ್ಲ, ನಾಲ್ಕು ದಶಮಾಂಶದವರೆಗೆ ತೂಗುವ ತಕ್ಕಡಿ. ಅದು ಎಲ್ಲಿ ನೆರವಾಯಿತು, ಎಲ್ಲಿ ಕೈಕೊಟ್ಟಿತು ಎಂಬುದೇ ಈ ಬರಹದ ವಿಷಯ.

ವಸ್ತುವಿನ ಸ್ವಭಾವ

ಸೀರಿಯಂ ವಿರಳ ಭಸ್ಮ ಧಾತುಗಳ ಗುಂಪಿಗೆ ಸೇರಿದ್ದರೂ ವಿರಳವೇನಲ್ಲ. ಭೂಮಿಯ ಹೊರಪದರದಲ್ಲಿ ಅದರ ಪ್ರಮಾಣ ತಾಮ್ರದ ಪ್ರಮಾಣಕ್ಕೆ ಸಮೀಪವಾಗಿದೆ. ನಮ್ಮ ದೇಶದಲ್ಲಿ ಅದು ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮರಳಿನಲ್ಲಿರುವ ಮೊನಜೈಟ್ ಖನಿಜದಿಂದ ದೊರೆಯುತ್ತದೆ. ಗಾಜನ್ನು ಹೊಳಪುಗೊಳಿಸಲು ಬಳಸುವ ತಿಳಿಹಳದಿ ಪುಡಿಯೇ ಸೀರಿಯಂ ಡೈಆಕ್ಸೈಡ್. ನಮ್ಮ ಕಚ್ಚಾವಸ್ತುವೂ ಅದೇ, ಶೇಕಡಾ 99.9 ಶುದ್ಧತೆಯದು.

ಸೀರಿಯಂ ಮತ್ತು ಗಂಧಕ ಸೇರಿ ಒಂದಲ್ಲ, ಹಲವು ಸಂಯುಕ್ತಗಳಾಗುತ್ತವೆ. ಒಂದಕ್ಕೊಂದು ಪ್ರಮಾಣದ ಮಾನೊಸಲ್ಫೈಡ್ ಹಿತ್ತಾಳೆಯಂತೆ ಹಳದಿಯಾಗಿ ಹೊಳೆಯುತ್ತದೆ, ಸುಮಾರು 2450 ಡಿಗ್ರಿಯವರೆಗೆ ಕರಗುವುದಿಲ್ಲ. 1940ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಲಿಯೊ ಬ್ರೂವರ್ ಮತ್ತು ಸಂಗಡಿಗರು ಪ್ಲುಟೋನಿಯಂನಂಥ ಲೋಹಗಳನ್ನು ಕರಗಿಸಲು ಇದರಿಂದ ಮೂಸೆಗಳನ್ನು ಮಾಡಿದ್ದರು. ಮೂರು ಸೀರಿಯಂಗೆ ನಾಲ್ಕು ಗಂಧಕವಿರುವುದು ಕಪ್ಪು. ನಮಗೆ ಬೇಕಾದ ಸೆಸ್ಕ್ವಿಸಲ್ಫೈಡ್‌ಗೆ ಮೂರು ರೂಪಗಳನ್ನು ಹೇಳುತ್ತಾರೆ: ಕಡಿಮೆ ಶಾಖದಲ್ಲಿ ಸ್ಥಿರವಾಗಿರುವ, ಕಪ್ಪುಗಂದು ಬಣ್ಣದ ಆಲ್ಫಾ, ಸುಮಾರು 900 ಡಿಗ್ರಿಯ ಮೇಲೆ ಕಾಣಿಸುವ ಬೀಟಾ, ಸುಮಾರು 1200 ಡಿಗ್ರಿಯ ಮೇಲೆ ರೂಪುಗೊಳ್ಳುವ, ಘನಾಕೃತಿಯ ಸ್ಫಟಿಕರಚನೆಯುಳ್ಳ ಕೆಂಪು ಗಾಮಾ. ಇವುಗಳಲ್ಲಿ ಬೀಟಾ ನಿಜಕ್ಕೂ ಮಾರುವೇಷದ ಆಸಾಮಿ. ಅದರ ಸ್ಫಟಿಕದಲ್ಲಿ ಹತ್ತು ಸೀರಿಯಂ, ಹದಿನಾಲ್ಕು ಗಂಧಕಗಳ ನಡುವೆ ಒಂದು ಆಮ್ಲಜನಕದ ಪರಮಾಣು ಅಡಗಿರುತ್ತದೆ ಎಂಬುದನ್ನು ಫ್ರೆಂಚ್ ಸಂಶೋಧಕರು 1970ರ ದಶಕದ ಆರಂಭದಲ್ಲಿ ತೋರಿಸಿದರು. ಅದಕ್ಕೂ ಮುಂಚೆ ಅದನ್ನು ಶುದ್ಧ ಸಲ್ಫೈಡ್ ಎಂದೇ ಬಗೆಯಲಾಗಿತ್ತು. ಈ ಒಂದು ಪರಮಾಣು ನಮ್ಮ ಪ್ರಕರಣದಲ್ಲಿ ಮತ್ತೆ ಬರುತ್ತದೆ.

ವ್ಯವಸ್ಥೆ

ಆಕ್ಸೈಡನ್ನು ಸಲ್ಫೈಡ್ ಮಾಡಲು ಕೇವಲ ಗಂಧಕ ಸಾಲದು. ಸೀರಿಯಂಗೆ ಆಮ್ಲಜನಕದ ಮೇಲಿರುವ ಹಿಡಿತ ಬಲವಾದದ್ದು. ಅದನ್ನು ಬಿಡಿಸಿಕೊಂಡು ಹೋಗುವ ಇನ್ನೊಬ್ಬ ಬೇಕು. ಕಾರ್ಬನ್ ಡೈಸಲ್ಫೈಡ್ ಆವಿ ಎರಡು ಕೆಲಸವನ್ನೂ ಮಾಡುತ್ತದೆ: ಅದರ ಕಾರ್ಬನ್ ಆಮ್ಲಜನಕವನ್ನು ಹೊತ್ತೊಯ್ಯುತ್ತದೆ, ಗಂಧಕ ಆ ಜಾಗಕ್ಕೆ ಬರುತ್ತದೆ. ಹೈಡ್ರೋಜನ್ ಸಲ್ಫೈಡ್ ಅನಿಲದಿಂದಲೂ ಇದು ಸಾಧ್ಯ, ಆದರೆ ಆ ಅನಿಲದ ಸಿಲಿಂಡರನ್ನು ವಿದ್ಯಾರ್ಥಿಗಳಿರುವ ಕೊಠಡಿಗೆ ತರಲು ನಾನು ಒಪ್ಪಲಿಲ್ಲ. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಮಂಕುಗೊಳಿಸುತ್ತದೆ. ವಾಸನೆ ನಿಂತಿತು ಎಂದು ನೆಮ್ಮದಿಪಟ್ಟ ಗಳಿಗೆಯೇ ಅಪಾಯದ ಗಳಿಗೆ. ದ್ರವರೂಪದ ಕಾರ್ಬನ್ ಡೈಸಲ್ಫೈಡ್ ಕೂಡ ಬೇಡವೆಂದೆ, ಏಕೆಂದರೆ ಅದು 46 ಡಿಗ್ರಿಗೇ ಕುದಿಯುತ್ತದೆ, ಮತ್ತು ಅದರ ಆವಿ 100 ಡಿಗ್ರಿಯ ಆಸುಪಾಸಿನ ಬಿಸಿಯ ಮೇಲ್ಮೈ ತಗುಲಿದರೂ ತಾನಾಗಿ ಹೊತ್ತಿಕೊಳ್ಳಬಲ್ಲದು. ನಮ್ಮೂರಿನ ಏಪ್ರಿಲ್ ತಿಂಗಳಲ್ಲಿ ಅಂಥ ಬಾಟಲಿಯನ್ನು ಕಪಾಟಿನಲ್ಲಿಟ್ಟು ರಾತ್ರಿ ನಿದ್ದೆ ಮಾಡುವುದು ಹೇಗೆ?

ಆದ್ದರಿಂದ ಆವಿಯನ್ನು ಬೇಕಾದಾಗ ಬೇಕಾದಷ್ಟೇ ಟ್ಯೂಬಿನೊಳಗೇ ಹುಟ್ಟಿಸುವ ದಾರಿ ಹಿಡಿದೆವು. ಕುಲುಮೆಯಲ್ಲಿ ಮಲಗಿಸಿದ, 50 ಮಿಲಿಮೀಟರ್ ಒಳವ್ಯಾಸದ ಕ್ವಾರ್ಟ್ಜ್ ಟ್ಯೂಬಿನ ಒಂದು ತುದಿಯಲ್ಲಿ ಗಂಧಕ, ಅದರ ಮುಂದೆ ಇದ್ದಿಲಿನ ಹರಳುಗಳ ಒತ್ತು, ಅದರ ಮುಂದೆ ದೋಣಿಯಾಕಾರದ ಪುಟ್ಟ ಪಾತ್ರೆಯಾದ ಪಿಂಗಾಣಿಯ ಬೋಟ್‌ನಲ್ಲಿ ಐದು ಗ್ರಾಂ ಸೀರಿಯಂ ಡೈಆಕ್ಸೈಡ್. ಹಿಂದಿನಿಂದ ನಿಮಿಷಕ್ಕೆ 100 ಮಿಲಿಲೀಟರ್‌ನಂತೆ ಆರ್ಗಾನ್. ಗಂಧಕದ ಆವಿ ಕೆಂಡದಂಥ ಇದ್ದಿಲನ್ನು ಹಾಯುವಾಗ ಕಾರ್ಬನ್ ಡೈಸಲ್ಫೈಡ್ ಆಗುತ್ತದೆ. ಹೊರಬರುವ ಅನಿಲ ಮೊದಲು ಖಾಲಿ ಬಾಟಲಿಯನ್ನು, ಬಳಿಕ ಆಲ್ಕೊಹಾಲಿನಲ್ಲಿ ಕರಗಿಸಿದ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು, ಕೊನೆಗೆ ತಾಮ್ರದ ಸಲ್ಫೇಟ್ ದ್ರಾವಣವನ್ನು ಹಾಯ್ದು, ಹೊಗೆಯನ್ನು ಹೊರಕ್ಕೆಳೆಯುವ ಹುಡ್‌ನೊಳಗೆ ಹೋಗುತ್ತದೆ. ಎರಡನೆಯ ಬಾಟಲಿಯಲ್ಲಿ ಹಳದಿಯಾಗಿ ಹುಟ್ಟುವುದು ಪೊಟ್ಯಾಸಿಯಂ ಎಥಿಲ್ ಕ್ಸಾಂಥೇಟ್. ಚಿತ್ರದುರ್ಗದ ಇಂಗಳದಾಳ್‌ನಲ್ಲಿ ಸಿಗುವಂಥ ತಾಮ್ರದ ಸಲ್ಫೈಡ್ ಅದಿರನ್ನು ನೊರೆಯಲ್ಲಿ ತೇಲಿಸಿ ಕಲ್ಲಿನಿಂದ ಬೇರ್ಪಡಿಸಲು ಬಳಸುವುದು ಇದೇ ಜಾತಿಯ ವಸ್ತುವನ್ನು. ಮರದ ತಿರುಳಿನಿಂದ ರೇಯಾನ್ ನಾರು ತೆಗೆಯುವಾಗ ನಡೆಯುವುದೂ ಇದೇ ಬಗೆಯ ಕ್ರಿಯೆ. ನಮಗೆ ಅದು ತ್ಯಾಜ್ಯ, ಆದರೆ ಉಪಕಾರಿ ತ್ಯಾಜ್ಯ: ಆ ಬಾಟಲಿ ಹಳದಿಗೆ ತಿರುಗಿದರೆ ಒಳಗೆ ಕಾರ್ಬನ್ ಡೈಸಲ್ಫೈಡ್ ಹುಟ್ಟಿದೆ ಎಂದು ಅರ್ಥ.

ಮೊದಲ ಎರಡು ಪ್ರಯತ್ನಗಳು

ಮೊದಲ ಸಲ 700 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿದೆವು. ಬೋಟ್ ಹೊರತೆಗೆದಾಗ ಪುಡಿ ತಿಳಿಹಳದಿಯಿಂದ ಕಂದು ಬಣ್ಣಕ್ಕೆ ತಿರುಗಿತ್ತು. ತೂಕ 5.000 ಗ್ರಾಂ ಇದ್ದದ್ದು 5.003 ಗ್ರಾಂ. ವಿದ್ಯಾರ್ಥಿ ದಾಖಲೆ ಪುಸ್ತಕದಲ್ಲಿ "ತೂಕದಲ್ಲಿ ವ್ಯತ್ಯಾಸವಿಲ್ಲ, ಕ್ರಿಯೆ ನಡೆದಿಲ್ಲ, ಮೇಲ್ಮೈಗೆ ಮಸಿ ಹಿಡಿದಿದೆ" ಎಂದು ಬರೆದ. ನಾನೂ ಸಹಿ ಹಾಕಿದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಾಟಲಿ ಹಳದಿಯಾಗಿರಲಿಲ್ಲ. ನೋಡಿದರೆ ಇದ್ದಿಲಿನ ಒತ್ತು ಕುಲುಮೆಯ ಬಾಯಿಯ ಬಳಿ, ಶಾಖ ಸಾಲದ ಕಡೆ ಕುಳಿತಿತ್ತು. ಗಂಧಕದ ಆವಿ ಗಂಧಕವಾಗಿಯೇ ಹಾದುಹೋಗಿತ್ತು. ಕಾರಣ ಸಿಕ್ಕಿತೆಂದು ತಿಳಿದು ಆ ಪುಡಿಯನ್ನು ಸಣ್ಣ ಶೀಷೆಯಲ್ಲಿ ಹಾಕಿಟ್ಟು ಮುಂದಕ್ಕೆ ಹೋದೆವು.

ಎರಡನೆಯ ಸಲ ಇದ್ದಿಲನ್ನು ಕುಲುಮೆಯ ನಡುಭಾಗಕ್ಕೆ ಸರಿಸಿ, ಶಾಖವನ್ನು 900 ಡಿಗ್ರಿಗೆ ಏರಿಸಿದೆವು. ಈ ಸಲ ಬಾಟಲಿ ಹಳದಿಯಾಯಿತು. ಪುಡಿ ಕೆಂಪುಗಂದು ಬಣ್ಣಕ್ಕೆ ಬಂದಿತ್ತು. ಇಟ್ಟಿಗೆಯ ಕೆಂಪಿಗಿಂತ ಕಂದು ಹೆಚ್ಚು. ಅಂಟಿದ್ದ ಬಿಡಿ ಗಂಧಕವನ್ನು ಟಾಲ್ವೀನ್‌ನಿಂದ ತೊಳೆದು, ಒಣಗಿಸಿ ತೂಗಿದಾಗ 5.423 ಗ್ರಾಂ. ಐದು ಗ್ರಾಂ ಡೈಆಕ್ಸೈಡ್ ಪೂರ್ತಿ ಸೆಸ್ಕ್ವಿಸಲ್ಫೈಡ್ ಆದರೆ 5.467 ಗ್ರಾಂ ಆಗಬೇಕು. ವಿದ್ಯಾರ್ಥಿನಿ ಸಂತೋಷದಿಂದ ಬಂದು, "ಸರ್, ಇಳುವರಿ ಶೇಕಡಾ 99.2" ಎಂದಳು.

ಸಾವಯವ ರಸಾಯನಶಾಸ್ತ್ರದ ಪ್ರಯೋಗಗಳಲ್ಲಿ ಶೇಕಡಾ 99.2 ಇಳುವರಿ ಬಂದರೆ ಹಬ್ಬ ಮಾಡಬಹುದು. ಅಲ್ಲಿ ಸೋಸುವಾಗ ಸ್ವಲ್ಪ, ತೊಳೆಯುವಾಗ ಸ್ವಲ್ಪ, ಪಾತ್ರೆಗೆ ಅಂಟಿ ಸ್ವಲ್ಪ ಹೋಗುತ್ತದೆ. ಇಲ್ಲಿ ಹಾಗಲ್ಲ. ಬೋಟ್‌ನಲ್ಲಿಟ್ಟ ಸೀರಿಯಂ ಆವಿಯಾಗಿ ಹೋಗದು, ಬೋಟ್ ಸಮೇತ ತೂಗಿದ್ದರಿಂದ ಚೆಲ್ಲುವ ಪ್ರಶ್ನೆಯೂ ಇಲ್ಲ. ಕಡಿಮೆಯಾದ 44 ಮಿಲಿಗ್ರಾಂ ನಷ್ಟವಲ್ಲ, ಅದೊಂದು ಸುದ್ದಿ: ಗಂಧಕ ಕೂರಬೇಕಾದ ಕೆಲವು ಕಡೆ ಅದಕ್ಕಿಂತ ಹಗುರವಾದ ಇನ್ನೇನೋ ಕುಳಿತಿದೆ. ಹತ್ತು ಸೀರಿಯಂಗೆ ಹದಿನಾಲ್ಕು ಗಂಧಕ, ಒಂದು ಆಮ್ಲಜನಕ ಎಂಬ ಬೀಟಾದ ಲೆಕ್ಕ ಹಾಕಿದಾಗ ಬಂದ ಸಂಖ್ಯೆ 5.421 ಗ್ರಾಂ.

ಒಂದೇ ತೂಕದಿಂದ ತೀರ್ಮಾನಕ್ಕೆ ಬರುವುದು ತಪ್ಪು. ಇದ್ದಿಲಿನ ಮಸಿ ಒಂದಿಷ್ಟು ಸೇರಿದ್ದರೆ ಲೆಕ್ಕ ಕೆಡುತ್ತದೆ. ಅದಕ್ಕೆ ತಿರುಗುಮುರುಗು ಪರೀಕ್ಷೆಯೊಂದಿದೆ. ಪುಡಿಯನ್ನು ಹುಡ್‌ನೊಳಗಿನ ಮಫಲ್ ಫರ್ನೇಸ್‌ನಲ್ಲಿ ಗಾಳಿಯಲ್ಲಿ 1000 ಡಿಗ್ರಿಗೆ ಹಲವು ಗಂಟೆ ಸುಟ್ಟರೆ ಗಂಧಕವೆಲ್ಲ ಸಲ್ಫರ್ ಡೈಆಕ್ಸೈಡ್ ಆಗಿ ಹೋಗಿ ಮತ್ತೆ ಸೀರಿಯಂ ಡೈಆಕ್ಸೈಡ್ ಉಳಿಯುತ್ತದೆ. ಶುದ್ಧ ಸೆಸ್ಕ್ವಿಸಲ್ಫೈಡ್ ಆದರೆ ತೂಕದಲ್ಲಿ ಶೇಕಡಾ 8.55 ಕಡಿಮೆಯಾಗಬೇಕು, ಆಮ್ಲಜನಕ ಹೊಕ್ಕ ಬೀಟಾ ಆದರೆ 7.76. ನಡುವೆ ಆತುರಪಟ್ಟು 700 ಡಿಗ್ರಿಗೆ ನಿಲ್ಲಿಸಿದರೆ ಆಕ್ಸಿಸಲ್ಫೇಟ್ ಎಂಬ ಅರ್ಧದಾರಿಯ ವಸ್ತು ಉಳಿದು ಲೆಕ್ಕ ತಪ್ಪುತ್ತದೆ. ಒಂದು ಗ್ರಾಂ ಸುಟ್ಟಾಗ ನಮಗೆ ಕಡಿಮೆಯಾದದ್ದು 0.0781 ಗ್ರಾಂ. ಬೀಟಾ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಆಮ್ಲಜನಕ ಬಂದದ್ದು ಎಲ್ಲಿಂದ

ಎಲ್ಲರ ಬೆರಳೂ ಮೊದಲು ತೋರಿಸಿದ್ದು ಆರ್ಗಾನ್ ಸಿಲಿಂಡರಿನ ಕಡೆಗೆ. ಅದು ಶೇಕಡಾ 99.99 ಶುದ್ಧತೆಯದು, ಅದಕ್ಕಿಂತ ಶುದ್ಧವಾದದ್ದು ನಮ್ಮ ಅನುದಾನಕ್ಕೆ ಎಟುಕುವಂತಿರಲಿಲ್ಲ. ಆರೋಪ ಹೊರಿಸುವ ಮುನ್ನ ಲೆಕ್ಕ ಹಾಕಿ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ. ಐದು ಗ್ರಾಂ ಡೈಆಕ್ಸೈಡ್‌ನಲ್ಲಿ 29 ಮಿಲಿಮೋಲ್ ಸೀರಿಯಂ ಇದೆ. ಹತ್ತಕ್ಕೆ ಒಂದರಂತೆ ಆಮ್ಲಜನಕದ ಪರಮಾಣುಗಳು ಬೇಕಾದರೆ 2.9 ಮಿಲಿಮೋಲ್, ಅಂದರೆ ಕೋಣೆಯ ಉಷ್ಣತೆಯಲ್ಲಿ ಸುಮಾರು 35 ಮಿಲಿಲೀಟರ್ ಆಮ್ಲಜನಕ ಅನಿಲ. ಆರು ಗಂಟೆಯಲ್ಲಿ ಹರಿದ ಆರ್ಗಾನ್ 36 ಲೀಟರ್. ಅದರಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲು ಕಲ್ಮಶ, ಅದೆಲ್ಲ ಆಮ್ಲಜನಕವೇ ಎಂದು ಇಟ್ಟುಕೊಂಡರೂ 3.6 ಮಿಲಿಲೀಟರ್. ಬೇಕಾದದ್ದರ ಹತ್ತನೆಯ ಒಂದು ಭಾಗ ಮಾತ್ರ. ಸಿಲಿಂಡರ್ ನಿರಪರಾಧಿ.

ಇನ್ನೊಂದು ಸಾಧ್ಯತೆ ಡೈಆಕ್ಸೈಡಿನಲ್ಲಿದ್ದ ಮೂಲ ಆಮ್ಲಜನಕವೇ ಪೂರ್ತಿ ಹೋಗದೆ ಉಳಿದಿರುವುದು. ಅದನ್ನು ಅಲ್ಲಗಳೆಯಲು ನಮ್ಮಲ್ಲಿ ಆಧಾರವಿರಲಿಲ್ಲ. ಆದರೆ ದಾಖಲೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಸಾಲು ಕಣ್ಣಿಗೆ ಬಿತ್ತು: "ಕರೆಂಟ್ ಹೋಗಿದೆ 2.10. ಬಂದದ್ದು 6.00." ವಿಚಾರಿಸಿದಾಗ ವಿಷಯ ಹೊರಬಿತ್ತು. ಎರಡು ಗಂಟೆ ಕಾದ ಮೇಲೆ ವಿದ್ಯುತ್ ಹೋಗಿದೆ. ಕುಲುಮೆಯೇ ಆರಿರುವಾಗ ಅನಿಲವನ್ನೇಕೆ ವ್ಯರ್ಥ ಮಾಡುವುದು ಎಂದು ವಿದ್ಯಾರ್ಥಿ ಆರ್ಗಾನ್ ಬಂದ್ ಮಾಡಿದ್ದಾನೆ. ಸಿಲಿಂಡರ್ ಖಾಲಿಯಾದರೆ ತುಂಬಿಸಿಕೊಂಡು ಬರಲು ವಾರ ಹಿಡಿಯುತ್ತಿದ್ದ ಕಾಲ. ಅವನ ಮಿತವ್ಯಯ ಸಹಜವಾದದ್ದೇ. ವಿದ್ಯುತ್ ಬಂದಾಗ ಶಾಖ ಸುಮಾರು 200 ಡಿಗ್ರಿಗೆ ಇಳಿದಿತ್ತು. ಮತ್ತೆ ಆರ್ಗಾನ್ ತೆರೆದು, 900ಕ್ಕೆ ಏರಿಸಿ, ಉಳಿದ ಎರಡು ಗಂಟೆ ಪೂರೈಸಿದ್ದಾರೆ.

ಈಗ ಲೆಕ್ಕ ಬೇರೆಯೇ ಕಥೆ ಹೇಳಿತು. ಟ್ಯೂಬಿನ 30 ಸೆಂಟಿಮೀಟರ್ ಉದ್ದದ ಬಿಸಿಭಾಗದಲ್ಲಿ ಸುಮಾರು 590 ಮಿಲಿಲೀಟರ್ ಅನಿಲವಿರುತ್ತದೆ. 900 ಡಿಗ್ರಿಯಲ್ಲಿ ಹಿಗ್ಗಿದ್ದ ಅದು 200ಕ್ಕೆ ಕುಗ್ಗುವಾಗ, ಹಿಂದಿನಿಂದ ಆರ್ಗಾನ್ ಬಾರದಿದ್ದರೆ, ಆ ತೆರವನ್ನು ತುಂಬಲು ಹೊರಗಿನ ಗಾಳಿ ನುಗ್ಗಲೇಬೇಕು. ಎಷ್ಟು ಗಾಳಿ? ಕೋಣೆಯ ಉಷ್ಣತೆಯಲ್ಲಿ ಅಳೆದರೆ ಸುಮಾರು 220 ಮಿಲಿಲೀಟರ್. ಪುಡಿಯನ್ನೆಲ್ಲ ಬೀಟಾ ಮಾಡಲು ಬೇಕಾದ ಗಾಳಿ ಸುಮಾರು 170 ಮಿಲಿಲೀಟರ್. ತುದಿಯ ರಬ್ಬರ್ ಬಿರಡೆ ಬಿಸಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ದಾರಿ ಅಲ್ಲೇ ಇತ್ತು. ಮಂಡಕ್ಕಿ ಭಟ್ಟಿಗಳ ಬೀದಿಯಲ್ಲಿ ಬೆಳೆದ ವಿದ್ಯಾರ್ಥಿನಿಗೆ ಗಾಳಿ ಸಿಕ್ಕರೆ ಬೆಂಕಿ ಏನು ಮಾಡುತ್ತದೆ ಎಂದು ಯಾರೂ ಕಲಿಸಬೇಕಿರಲಿಲ್ಲ. ಆರುವ ಕುಲುಮೆಯೂ ಗಾಳಿ ಎಳೆಯುತ್ತದೆ ಎಂಬುದು ಮಾತ್ರ ಅವಳಿಗೂ ಹೊಸದು.

ಗಾಳಿ ಹೊಕ್ಕರೂ ಆಮೇಲೆ ಕಾರ್ಬನ್ ಡೈಸಲ್ಫೈಡ್ ಹರಿದಿದ್ದರೆ ಆ ಆಮ್ಲಜನಕ ಮತ್ತೆ ಹೋಗುತ್ತಿತ್ತು. ಹರಿಯಲಿಲ್ಲ, ಏಕೆಂದರೆ ಗಂಧಕದ ಬೋಟ್ ಕುಲುಮೆಯ ಬಾಯಿಗೆ ಅಂಟಿಕೊಂಡಿದ್ದರಿಂದ ಮೊದಲ ಎರಡು ಗಂಟೆಯಲ್ಲೇ ಅದು ಬರಿದಾಗಿತ್ತು. ಆಮೇಲಿನ ಎರಡು ಗಂಟೆಯ ಶಾಖ ಮಾಡಿದ ಕೆಲಸವೆಂದರೆ ಹೊಕ್ಕ ಆಮ್ಲಜನಕವನ್ನು ಪುಡಿಯ ಉದ್ದಗಲಕ್ಕೂ ಸಮನಾಗಿ ಹಂಚಿದ್ದು. ವಿದ್ಯುತ್ ಹೋದಾಗ ಏನು ಮಾಡಬೇಕೆಂದು ನಾನು ಬರೆದುಕೊಟ್ಟ ಕಾರ್ಯವಿಧಾನದಲ್ಲಿ ಒಂದು ಅಕ್ಷರವೂ ಇರಲಿಲ್ಲ. ದಾವಣಗೆರೆಯಲ್ಲಿ ಇಪ್ಪತ್ತು ವರ್ಷ ಬೇಸಿಗೆ ಕಳೆದವನು ಅದನ್ನು ಬರೆಯದೆ ಬಿಟ್ಟದ್ದು ವಿದ್ಯಾರ್ಥಿಯ ತಪ್ಪಲ್ಲ, ನನ್ನದು.

ತಕ್ಕಡಿ ಕೈಕೊಟ್ಟ ಜಾಗ

ಮೂರನೆಯ ಪ್ರಯತ್ನಕ್ಕೆ ಬಿರಡೆ ಬದಲಿಸಿದೆವು. ಗಂಧಕವನ್ನು ಕುಲುಮೆಯಿಂದ ದೂರವಿಟ್ಟು ಪ್ರತ್ಯೇಕ ಹೀಟಿಂಗ್ ಟೇಪ್ ಸುತ್ತಿ, ಅದು ನಿಧಾನವಾಗಿ ಆವಿಯಾಗಿ ಕುಲುಮೆ 500 ಡಿಗ್ರಿಗೆ ತಣಿಯುವವರೆಗೂ ಸಾಲುವಂತೆ ಮಾಡಿದೆವು. ಭಾನುವಾರ ಬೆಳಗಿನ ಜಾವ ಐದಕ್ಕೆ ಆರಂಭಿಸಿದ್ದರಿಂದ ವಿದ್ಯುತ್ ಕೂಡ ಸಹಕರಿಸಿತು. ತೂಕ 5.462 ಗ್ರಾಂ. ಸುಟ್ಟಾಗ ಒಂದು ಗ್ರಾಂಗೆ 0.0849 ಗ್ರಾಂ ಕಡಿಮೆಯಾಯಿತು. ಸೆಸ್ಕ್ವಿಸಲ್ಫೈಡ್ ಬಂದಿತ್ತು, ಆಮ್ಲಜನಕದ ಸುಳಿವಿರಲಿಲ್ಲ. ಬಣ್ಣ ಮಾತ್ರ ವರ್ಷ ಕಳೆದ ಹುಣಸೆಹಣ್ಣಿನದು.

ಇದನ್ನು ನಾನು ಮೊದಲೇ ಊಹಿಸಬೇಕಿತ್ತು. ಆಲ್ಫಾ ಮತ್ತು ಗಾಮಾ ಎರಡರ ಸೂತ್ರವೂ ಒಂದೇ, ಆದ್ದರಿಂದ ತೂಕವೂ ಒಂದೇ. ಪರಮಾಣುಗಳು ಎಷ್ಟಿವೆ ಎಂದು ಹೇಳಬಲ್ಲ ತಕ್ಕಡಿ ಅವು ಹೇಗೆ ಕುಳಿತಿವೆ ಎಂದು ಹೇಳಲಾರದು. ಬೀಟಾದ ಬೆನ್ನು ಹತ್ತಿದ ಉತ್ಸಾಹದಲ್ಲಿ, ಆಮ್ಲಜನಕ ಹೋದರೆ ಕೆಂಪು ತಾನಾಗಿ ಬರುತ್ತದೆ ಎಂದು ಮೂವರೂ ನಂಬಿಬಿಟ್ಟಿದ್ದೆವು. ಗಾಮಾ ಬೇಕಾದರೆ 1200 ಡಿಗ್ರಿಗಿಂತ ಮೇಲೆ ಹೋಗಬೇಕು. ನಮ್ಮ ಕ್ವಾರ್ಟ್ಜ್ ಟ್ಯೂಬ್ 1100 ಡಿಗ್ರಿಗೇ ಮೆತ್ತಗಾಗುವ ಲಕ್ಷಣ ತೋರುತ್ತದೆ.

ಶಾಖ ಏರಿಸಲಾಗದಿದ್ದರೆ ಗಾಮಾದ ರಚನೆಯನ್ನೇ ಕೆಳಗಿನ ಶಾಖದಲ್ಲಿ ಗಟ್ಟಿಗೊಳಿಸಬೇಕು. ಆ ರಚನೆಯಲ್ಲಿ ಒಂದು ಕೊರತೆ ಇದೆ, ಅದೇ ನಮಗೆ ಅನುಕೂಲ. ಅಲ್ಲಿ ಲೋಹಕ್ಕೆಂದು ಮೀಸಲಾದ ಪ್ರತಿ ಒಂಬತ್ತು ಸ್ಥಾನಗಳಲ್ಲಿ ಎಂಟರಲ್ಲಿ ಮಾತ್ರ ಸೀರಿಯಂ ಇರುತ್ತದೆ, ಒಂದು ಖಾಲಿ. ಸೋಡಿಯಂ ಅಯಾನಿನ (ವಿದ್ಯುದಂಶ ಹೊತ್ತ ಪರಮಾಣುವಿನ) ಗಾತ್ರ ಸೀರಿಯಂ ಅಯಾನಿನ ಗಾತ್ರಕ್ಕೆ ಬಹಳ ಹತ್ತಿರ: ಎಂಟು ನೆರೆಹೊರೆಯವರ ನಡುವೆ ಕುಳಿತಾಗ ಸೋಡಿಯಂನ ತ್ರಿಜ್ಯ 1.18 ಆಂಗ್‌ಸ್ಟ್ರಾಮ್, ಸೀರಿಯಂನದು 1.14. ಮೂರು ಧನ ವಿದ್ಯುದಂಶದ ಒಂದು ಸೀರಿಯಂ ಹೊರಗೆ ಹೋಗಿ, ಒಂದೊಂದು ಧನ ವಿದ್ಯುದಂಶದ ಮೂರು ಸೋಡಿಯಂ ಒಳಗೆ ಬಂದರೆ ವಿದ್ಯುತ್ ಲೆಕ್ಕ ಸರಿದೂಗುತ್ತದೆ. ಒಂದು ಸೋಡಿಯಂ ಸೀರಿಯಂ ಬಿಟ್ಟುಹೋದ ಜಾಗದಲ್ಲಿ, ಉಳಿದೆರಡು ಮೊದಲೇ ಖಾಲಿಯಿದ್ದ ಜಾಗಗಳಲ್ಲಿ ಕೂರುತ್ತವೆ. ಹೀಗೆ ಖಾಲಿ ಸ್ಥಾನಗಳೆಲ್ಲ ಭರ್ತಿಯಾಗುವುದು ಐದು ಸೀರಿಯಂಗೆ ಒಂದು ಸೋಡಿಯಂ ಇದ್ದಾಗ. ಹೀಗೆ ತುಂಬಿದ ರಚನೆ 900 ಡಿಗ್ರಿಯ ಆಸುಪಾಸಿನಲ್ಲೇ ರೂಪುಗೊಳ್ಳುತ್ತದೆ, ತಣ್ಣಗಾದಾಗಲೂ ಆಲ್ಫಾಗೆ ಜಾರುವುದಿಲ್ಲ. ಕ್ಷಾರಲೋಹ ಸೇರಿಸಿ ಗಾಮಾವನ್ನು ನಿಲ್ಲಿಸುವ ಈ ತಂತ್ರವೇ ಸೀರಿಯಂ ಕೆಂಪನ್ನು ಕಾರ್ಖಾನೆಯಲ್ಲಿ ತಯಾರಿಸುವುದನ್ನು ಸುಲಭಗೊಳಿಸಿದ್ದು.

ಐದು ಗ್ರಾಂ ಡೈಆಕ್ಸೈಡ್‌ಗೆ 0.308 ಗ್ರಾಂ ಸೋಡಿಯಂ ಕಾರ್ಬೊನೇಟ್ ಅರೆದು ಸೇರಿಸಿದೆವು. ನಾಲ್ಕನೆಯ ಪ್ರಯತ್ನದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಸೋಡಿಯಂ ಪಿಂಗಾಣಿಯ ಬೋಟನ್ನೇ ತಿಂದು ಗಾಜಿನಂಥ ಪದರವಾಗಿ, ಪುಡಿ ಅದಕ್ಕೆ ಕಚ್ಚಿಕೊಂಡು, ಉಳಿಯಿಂದ ಕೆತ್ತಬೇಕಾಯಿತು. ಸಿಲಿಕಾ ಇರುವ ಯಾವ ಪಾತ್ರೆಯೂ ಇಲ್ಲಿ ಆಗದು. ವಿದ್ಯಾರ್ಥಿ ಊರಿನ ಲೇತ್ ಅಂಗಡಿಯೊಂದಕ್ಕೆ ಗ್ರಾಫೈಟ್ ಸಲಾಕೆ ಕೊಟ್ಟು ಅದರಿಂದಲೇ ಒಂದು ಬೋಟ್ ಕೊರೆಸಿಕೊಂಡು ಬಂದ. ಅಂಗಡಿಯವರು ಕೂಲಿ ತೆಗೆದುಕೊಂಡರೂ, ಮೈಮೇಲೆಲ್ಲ ಕರಿಪುಡಿ ಎಬ್ಬಿಸುವ ಇಂಥ ಕೆಲಸ ಇನ್ನೊಮ್ಮೆ ತರಬೇಡ ಎಂದರಂತೆ.

ಐದನೆಯ ಪ್ರಯತ್ನದಲ್ಲಿ ಟ್ಯೂಬ್ ತೆರೆದಾಗ ಗ್ರಾಫೈಟಿನ ಕಪ್ಪಿನ ನಡುವೆ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಸುರಿದಂತಿತ್ತು. ಮೇಲೆ ಉಳಿದಿದ್ದ ಸ್ವಲ್ಪ ಸೋಡಿಯಂ ಪಾಲಿಸಲ್ಫೈಡನ್ನು ಎಥನಾಲ್‌ನಿಂದ ತೊಳೆದು ಒಣಗಿಸಿದೆವು. ತೂಕ 5.68 ಗ್ರಾಂ; ಲೆಕ್ಕದ ಪ್ರಕಾರ ಬರಬೇಕಾದದ್ದು 5.69. ಈ ಸಲ ತೂಕವನ್ನು ನೆಚ್ಚಿಕೊಳ್ಳದೆ ಎರಡನೆಯ, ಮೂರನೆಯ, ಐದನೆಯ ಪ್ರಯತ್ನಗಳ ಮಾದರಿಗಳನ್ನು, ಪರಮಾಣುಗಳು ಹೇಗೆ ಕುಳಿತಿವೆ ಎಂದು ತೋರಿಸುವ ಎಕ್ಸ್-ಕಿರಣ ವಿವರ್ತನೆಯ ಪರೀಕ್ಷೆಗೆ ಬೆಂಗಳೂರಿಗೆ ಕಳುಹಿಸಿದೆವು. ಕೆಂಪು ಪುಡಿಯ ನಕ್ಷೆಯಲ್ಲಿ ತಾಮ್ರದ ಕಿರಣಕ್ಕೆ 25.3 ಮತ್ತು 32.8 ಡಿಗ್ರಿಗಳ ಬಳಿ ಎದ್ದು ನಿಂತ ಗೆರೆಗಳಿದ್ದವು, ಅವು 8.63 ಆಂಗ್‌ಸ್ಟ್ರಾಮ್ ಅಂಚಿನ ಗಾಮಾ ಘನಕ್ಕೆ ಸೇರಿದವು. ಸೀರಿಯಂ ಡೈಆಕ್ಸೈಡಿನ ಮುಖ್ಯ ಗೆರೆ ಬರಬೇಕಾದ 28.5 ಡಿಗ್ರಿಯಲ್ಲಿ ಏನೂ ಇರಲಿಲ್ಲ. ಎರಡನೆಯದು ಬೀಟಾ, ಮೂರನೆಯದು ಆಲ್ಫಾ ಎಂಬುದೂ ಖಚಿತವಾಯಿತು.

ಕೆಂಪು ಬಣ್ಣಕ್ಕೆ ಕಾರಣ ಸೀರಿಯಂ ಅಯಾನಿನ 4ಎಫ್ ಕಕ್ಷೆಯಲ್ಲಿರುವ ಒಂಟಿ ಎಲೆಕ್ಟ್ರಾನ್. ಅದು 5ಡಿ ಪಟ್ಟಿಗೆ ಏರಲು ಬೇಕಾದ ಶಕ್ತಿ ಸುಮಾರು 2 ಎಲೆಕ್ಟ್ರಾನ್ ವೋಲ್ಟ್. ಆದ್ದರಿಂದ ನೀಲಿ, ಹಸಿರು, ಹಳದಿ ಬೆಳಕನ್ನೆಲ್ಲ ನುಂಗಿ ಕೆಂಪನ್ನು ಮಾತ್ರ ಹಿಂದಕ್ಕೆ ಬಿಡುತ್ತದೆ. ಆವರ್ತ ಕೋಷ್ಟಕದಲ್ಲಿ ಪಕ್ಕದ ಮನೆಯ ಲ್ಯಾಂಥನಮ್‌ಗೆ ಆ ಎಲೆಕ್ಟ್ರಾನ್ ಇಲ್ಲ, ಅದರ ಗಾಮಾ ಸಲ್ಫೈಡ್ ಹಳದಿ. ಎರಡನ್ನೂ ಬೆರೆಸಿದರೆ ಕಿತ್ತಳೆ.

ಮಾಲೀಕರಿಗೆ ಕೊಟ್ಟ ಉತ್ತರ

ಪುಡಿ ನೋಡಿ ಮಾಲೀಕರಿಗೆ ಸಂತೋಷವಾಯಿತು. ತಮ್ಮ ಘಟಕದ ಹಿಂದಿನ ಶೆಡ್ಡಿನಲ್ಲಿ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಬಹುದೇ ಎಂದು ಕೇಳಿದರು. ಬೇಡವೆಂದೆ, ಕಾರಣವನ್ನೂ ವಿವರಿಸಿದೆ. ಐದು ಗ್ರಾಂಗೆ ಸಾಕಾದ ಬಾಟಲಿಗಳು ಐವತ್ತು ಕಿಲೋಗೆ ಸಾಲವು; ಕಾರ್ಬನ್ ಡೈಸಲ್ಫೈಡ್ ನರಗಳಿಗೆ ವಿಷ, ಬೆಂಕಿಗೆ ತುತ್ತು. ಸಿದ್ಧವಾದ ಪುಡಿಯೂ ಆಮ್ಲ ಸೋಕಿದರೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ವಾಣಿಜ್ಯ ತಯಾರಕರು ಕಣಗಳಿಗೆ ಸಿಲಿಕಾದಂಥ ತೆಳು ಹೊದಿಕೆ ಹೊದಿಸುವುದು ಆಮ್ಲ ಮತ್ತು ತೇವದಿಂದ ಕಾಪಾಡುವುದಕ್ಕಾಗಿಯೇ, ಆ ಹೊದಿಕೆಯ ತಂತ್ರ ನಮ್ಮಲ್ಲಿಲ್ಲ. ನೈಲಾನ್‌ಗೆ ಬೇಕಾದ 300 ಡಿಗ್ರಿಯ ಶಾಖವನ್ನು ಅದು ತಡೆಯುತ್ತದೆ ನಿಜ, ಆದರೆ ಅದಕ್ಕಿಂತ ಬಹಳ ಮೇಲೆ ಗಾಳಿಯಲ್ಲಿ ಕಾಯಿಸಿದರೆ ಉರಿದು ಮತ್ತೆ ಡೈಆಕ್ಸೈಡ್ ಆಗುತ್ತದೆ. ಬಕೆಟ್, ಬಿಂದಿಗೆಯ ಪಾಲಿಥೀನ್‌ಗಾದರೆ ಸಾವಯವ ಕೆಂಪೇ ಸಾಕು, ಇಷ್ಟೆಲ್ಲ ಪಾಡು ಬೇಕಿಲ್ಲ. ನೈಲಾನ್ ಭಾಗಗಳಿಗೆ ಹೊದಿಕೆಯುಳ್ಳ ಸಿದ್ಧ ಬಣ್ಣವನ್ನೇ ತರಿಸಿಕೊಳ್ಳಿ ಎಂದೆ. ಸ್ವಲ್ಪ ಬೇಸರದಿಂದಲೇ ಒಪ್ಪಿದರು.

ಪ್ರಾಜೆಕ್ಟ್ ವರದಿ ಬರೆಯುವ ಹೊತ್ತಿಗೆ ವಿದ್ಯಾರ್ಥಿನಿ ಮೊದಲ ಪ್ರಯತ್ನದ ಕಂದು ಪುಡಿಯ ಶೀಷೆಯನ್ನು ಹಿಡಿದುಕೊಂಡು ಬಂದಳು. ಮಸಿ ಹಿಡಿದಿದ್ದರೆ ಉಜ್ಜಿದಾಗ ಬಿಳಿ ಕಾಗದಕ್ಕೆ ಕಪ್ಪು ಅಂಟಬೇಕಿತ್ತು, ಅಂಟುತ್ತಿಲ್ಲ ಎಂದಳು. ಸೀರಿಯಂ ಆಕ್ಸಿಸಲ್ಫೈಡ್ ಎಂಬ ಇನ್ನೊಂದು ವಸ್ತುವಿದೆ, ಎರಡು ಸೀರಿಯಂ, ಎರಡು ಆಮ್ಲಜನಕ, ಒಂದು ಗಂಧಕ; ಆಕ್ಸೈಡ್‌ನಿಂದ ಸಲ್ಫೈಡ್‌ಗೆ ಹೋಗುವ ದಾರಿಯ ಮೊದಲ ನಿಲ್ದಾಣ ಅದೇ. ಅವಳು ಅದರ ಲೆಕ್ಕ ಹಾಕಿದ್ದಳು. ಡೈಆಕ್ಸೈಡಿನ ಎರಡು ಘಟಕಗಳಿಂದ ಹೊರಟುಹೋಗುವುದು ಎರಡು ಆಮ್ಲಜನಕ, ತೂಕ 32.00, ಬಂದು ಸೇರುವುದು ಒಂದು ಗಂಧಕ, ತೂಕ 32.06. ಐದು ಗ್ರಾಂ ಪೂರ್ತಿಯಾಗಿ ಆಕ್ಸಿಸಲ್ಫೈಡ್ ಆದರೂ ತಕ್ಕಡಿ 5.001 ಎಂದಷ್ಟೇ ತೋರಿಸುತ್ತದೆ. ತಿಂಗಳುಗಟ್ಟಲೆ ಕ್ರಿಯೆ ನಡೆದಿಲ್ಲವೆಂದು ನಾವು ತಿಳಿದಿದ್ದ ಪ್ರಯೋಗದಲ್ಲಿ ಕ್ರಿಯೆ ಪೂರ್ತಿ ನಡೆದು ಮುಗಿದಿರಬಹುದಿತ್ತು.

ಒಂದು ಗ್ರಾಂ ಪುಡಿಯನ್ನು ಮಫಲ್ ಫರ್ನೇಸ್‌ಗೆ ಇಟ್ಟೆವು. ಅರ್ಧ ಗಂಟೆಯೊಳಗೆ ಹುಡ್‌ನ ಬಳಿ ಬೆಂಕಿಕಡ್ಡಿ ಗೀರಿದಂಥ ಘಾಟು. ಮರುದಿನ ಮೂಸೆ ತೆಗೆದಾಗ ಪುಡಿ ತಿಳಿಹಳದಿಗೆ ಮರಳಿತ್ತು, ತೂಕ 0.9996 ಗ್ರಾಂ. ವಿದ್ಯಾರ್ಥಿ ದಾಖಲೆ ಪುಸ್ತಕದ ಮೊದಲ ಪುಟಕ್ಕೆ ಹೋಗಿ "ಕ್ರಿಯೆ ನಡೆದಿಲ್ಲ" ಎಂಬುದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಹಾಕಿ, "ಆಕ್ಸಿಸಲ್ಫೈಡ್" ಎಂದು ಬರೆದ. ಅದರ ಕೆಳಗಿದ್ದ ನನ್ನ ಹಳೆಯ ಸಹಿಯ ಪಕ್ಕದಲ್ಲಿ ನಾನು ಇನ್ನೊಂದು ಸಹಿ ಹಾಕಿದೆ.